ಮೊದಲು ನೀರು, ಆಮೇಲೆ ಮಾತು

“ನಿಮ್ಮ ಮನಿ ಹಿರೇರೆಲ್ಲಾ ನಸುಕಿನ್ಯಾಗ ಬಾಯಿ ಮುಚ್ಚಿಕೊಂಡು ಎದ್ದಾರಂತ ನಾನೂ ಬಾಯಿ ಮುಚ್ಚಿಕೊಂಡು ಏಳಬೇಕೇನು?” ಏಣಿಯ ಮೇಲಿಂದ ಗುರುಸಂಗಪ್ಪ ಗದರಿದ. “ನನ್ನ ಹೊಟ್ಟಿ ನಡಿಯೋದೇ ಬಾಯಿ ಮ್ಯಾಲ. ತಿಳೀತಿಲ್ಲೋ?”

ಕೆಳಗೆ ಏಣಿ ಹಿಡಿದು ನಿಂತಿದ್ದ ಗೌರವ್ವ ಗಂಡನ ಮುಖ ನೋಡಲಿಲ್ಲ. “ಮಾತಾಡಬ್ಯಾಡ್ರಿ ಅಂತ ಯಾರಂದಾರ? ಹೊಸ್ತಿಲಕ್ಕ ನೀರ ಬೀಳೂತನಕ ಸುಮ್ಮನಿರ್ರಿ ಅಂದ್ನಿ. ಎರಡು ನಿಮಿಷದ ಮಾತು.”

“ನಿನ್ನ ಎರಡು ನಿಮಿಷದಾಗ ನನ್ನ ಅರ್ಧ ಸವಾಲು ಮುಗೀತೈತಿ. ಇಕ್ಕಳ ಕೊಡು.”

ಅವಳು ಕೊಟ್ಟಳು.

ಗುರುಸಂಗಪ್ಪ ಗಜೇಂದ್ರಗಡದ ಕಾಯಿಪಲ್ಲೆ ಮಾರುಕಟ್ಟೆಯಲ್ಲಿ ಹರಾಜಿನ ಸವಾಲು ಕೂಗುವವ. ಬೆಳಿಗ್ಗೆ ಆರಕ್ಕೆ ಉಳ್ಳಾಗಡ್ಡಿ ಚೀಲದ ಮೇಲೆ ಹತ್ತಿ ನಿಂತು ದರ ಕೂಗಿದನೆಂದರೆ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವವರು ಲೋಟ ಕೆಳಗಿಟ್ಟು ಕೇಳುತ್ತಿದ್ದರು. ನರಗುಂದದಲ್ಲಿ ಹನ್ನೆರಡು ವರ್ಷ ಇದನ್ನೇ ಮಾಡಿದ್ದ. ಮಕ್ಕಳಿರಲಿಲ್ಲ. ಗೌರವ್ವನ ತಾಯಿ ತೀರಿಕೊಂಡು ಈ ಮನೆ ಒಬ್ಬಳೇ ಮಗಳ ಪಾಲಿಗೆ ಬಂದಿತ್ತು. ಬಾಡಿಗೆ ಮನೆ ಬಿಟ್ಟು ಗಂಡ ಹೆಂಡತಿ ಇಲ್ಲಿಗೆ ಬಂದು ಮೂರು ವಾರವಾಗಿತ್ತು. ದನಿಯೊಂದು ಬಿಟ್ಟರೆ ಅವನ ಹತ್ತಿರ ಹೇಳಿಕೊಳ್ಳುವಂಥ ಆಸ್ತಿ ಏನೂ ಇರಲಿಲ್ಲ. ಆ ದನಿಯನ್ನು ಮನೆಯಲ್ಲೂ ಇಳಿಸುತ್ತಿರಲಿಲ್ಲ. ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದು ಅಪರೂಪ. ನರಗುಂದದಲ್ಲಿ ನಸುಕಿಗೆ ಅವಳ ಕಿವಿಗೆ ಮೊದಲು ಬೀಳುತ್ತಿದ್ದ ಮಾತು, “ಏಯ್, ಏಳು.” ಇಲ್ಲಿಗೆ ಬಂದ ಮೇಲೆ ಅವಳು ಅವನಿಗಿಂತ ಮೊದಲೇ ಎದ್ದು ಹೊಸ್ತಿಲಿಗೆ ನೀರು ಹಾಕಿಬಿಡುತ್ತಿದ್ದಳು.

ಹುಬ್ಬಳ್ಳಿಯಿಂದ ಅವನು ಒಂದು ಮಾತಿನ ಡಬ್ಬಿ ತಂದಿದ್ದ. ಅಂಗೈಯಗಲದ ಕರೀ ಡಬ್ಬಿ, ನೆತ್ತಿಯ ಮೇಲೊಂದು ನೀಲಿ ದೀಪ. ಹಾಸಿಗೆಯಲ್ಲಿ ಮಲಗಿಕೊಂಡೇ ಹೇಳಿದರೆ ಸಾಕು, ಲೈಟು ಹತ್ತುತ್ತದೆ, ಬಾವಿಯ ಮೋಟರು ಶುರುವಾಗುತ್ತದೆ, ಬಚ್ಚಲಲ್ಲಿ ನೀರು ಕಾಯುತ್ತದೆ, ಚಹಾದ ಕೆಟಲಿ ಕುದಿಯುತ್ತದೆ. ಹೆಂಡತಿ ದಿನವೂ ಹಟ ಹಿಡಿಯುವ ಆ ಹೊಸ್ತಿಲ ನೀರಿಗೂ ಅವನು ಉಪಾಯ ಹುಡುಕಿದ್ದ. ಬಾಗಿಲಿನ ಮೇಲೆ ಒಂದು ಸಣ್ಣ ಪೈಪು, ಅದಕ್ಕೊಂದು ಕರೆಂಟಿನ ವಾಲ್ವು. ಆ ಹೊತ್ತು ಏಣಿ ಹತ್ತಿ ಕೂಡಿಸುತ್ತಿದ್ದದ್ದು ಅದನ್ನೇ.

ಬಾಜೂ ಮನೆಯ ಖಾಜಾಬಿ ಗೋಡೆ ಹಿಡಿದುಕೊಂಡು ಬಂದಳು. ಎಪ್ಪತ್ತು ದಾಟಿದ ಹೆಂಗಸು. ಗೌರವ್ವನ ತಾಯಿ ಹಾಸಿಗೆ ಹಿಡಿದ ಮೇಲೆ, ಈ ಹೊಸ್ತಿಲಿಗೆ ನಾಲ್ಕು ತಿಂಗಳು ನೀರು ಹಾಕಿದವಳು ಅವಳೇ. ಪೈಪನ್ನು ಬಹಳ ಹೊತ್ತು ನೋಡಿದಳು.

“ಅಳಿಯಂದ್ರ, ಈ ನಳಕ್ಕ ನೀರ ಬಿಡು ಅಂತ ಯಾರ ಹೇಳ್ತಾರ?”

“ನಾನು. ಬಾಯಿಲೆ ಹೇಳಿದ್ರ ಸಾಕು, ಬಿಡತೈತಿ.”

“ಹಂಗಾದ್ರ ಮಾತು ಮೊದಲು ಬಿತ್ತಲ್ಲ.”

ಗುರುಸಂಗಪ್ಪ ಏಣಿಯ ಮೇಲೇ ನಕ್ಕ. ನೀರು ಬಿದ್ದರೆ ಸಾಕಲ್ಲ, ಹಿಂದೆಯೋ ಮುಂದೆಯೋ ಹೊಸ್ತಿಲಿನ ಕಲ್ಲಿಗೇನು ಗೊತ್ತಾಗುತ್ತದೆ ಎಂದ. ಕಲ್ಲಿಗೆ ಗೊತ್ತಾಗುವುದಿಲ್ಲ, ಕಲ್ಲಿನ ಕೆಳಗಿದ್ದವಳಿಗೆ ಗೊತ್ತಾಗುತ್ತದೆ ಎಂದು ಮುದುಕಿ ಅಲ್ಲೇ ಕೂತು ಹಳೆಯ ಕತೆ ಬಿಚ್ಚಿದಳು. ಗೌರವ್ವನಿಗೆ ಅದು ಹುಟ್ಟಿದಾಗಿನಿಂದ ಗೊತ್ತು. ಗುರುಸಂಗಪ್ಪ ಆ ದಿನವೇ ಮೊದಲು ಪೂರ್ತಿ ಕೇಳಿದ್ದು.

ಗೌರವ್ವನ ಅಜ್ಜನಿಗೆ ಇಬ್ಬರು ಹೆಂಡಿರು. ಎರಡನೆಯವಳು ಹೊಳೆಮಣ್ಣೂರಿನ ಫಕೀರವ್ವ. ಹೊಳೆಗೆ ನೆರೆ ಬಂದು ಮನೆಮಂದಿಯನ್ನೆಲ್ಲ ಕಳೆದುಕೊಂಡ ಹುಡುಗಿಯನ್ನು ಅಜ್ಜ ಕಟ್ಟಿಕೊಂಡು ಬಂದಿದ್ದ, ಹೆಂಡತಿಯೆಂದು ಹೆಸರಿಗೆ, ಆಳೆಂದು ಕೆಲಸಕ್ಕೆ. ನಸುಕಿನಲ್ಲಿ ಅವಳನ್ನು ಒದ್ದು ಎಬ್ಬಿಸುತ್ತಿದ್ದ. ಅವಳ ಹೆಸರು ಆ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಒಂದು ಸಲ ತನ್ನೂರಿನ ಕಡೆ ಹೋಗಿ ಬಂದವಳು ಸೆರಗಿನಲ್ಲಿ ಒಂದು ಕುಡಿಕೆ ಕಟ್ಟಿ ತಂದಳು. ಹೊಳೆದಂಡೆಯ ಮಾಟಗಾರ ಮಾಡಿಕೊಟ್ಟ ಕುಡಿಕೆ. ಒಳಗೆ ಏಳು ಮೊಳೆ ಬಡಿದ ಆಡಿನ ನಾಲಿಗೆ. ಅದನ್ನು ಹೊಸ್ತಿಲ ಕೆಳಗೆ ಹೂತಳು. ಕೆಲವೇ ದಿನಕ್ಕೆ ಜ್ವರ ಏರಿ, ಅದೇ ಹೊಸ್ತಿಲ ಮೇಲೆ ಬಿದ್ದು ನೀರು ಕೇಳಿದಳು. ಅಜ್ಜ ಅಂದನಂತೆ, ಮೊದಲು ಕಸ ಹೊಡಿ, ಆಮೇಲೆ ನೀರು. ಅವಳು ಏಳಲಿಲ್ಲ, ಅಲ್ಲೇ ಪ್ರಾಣ ಬಿಟ್ಟಳು. ಮರುದಿನ ನಸುಕಿನಲ್ಲಿ ಅಜ್ಜ ಎಂದಿನಂತೆ ಒದರಿದ. ಏಳನೆಯ ದಿನಕ್ಕೆ ಅವನ ದನಿ ಹೋಯಿತು. ಕಸಬರಿಗೆ ಹಿಡಿದ. ಹನ್ನೊಂದು ವರ್ಷ ಹಿಡಿದೇ ಇದ್ದ. ಹಗಲು ಅಂಗಳ, ರಾತ್ರಿ ಅಂಗಳ. ಅಂಗೈ ಸವೆದು ಎಲುಬು ಕಂಡರೂ ಬಿಡಲಿಲ್ಲ. ಹೆಣ ಎತ್ತುವಾಗಲೂ ಬೆರಳು ಬಿಚ್ಚಲು ಬರದೆ ಕಸಬರಿಗೆಯ ಜೊತೆಗೇ ಮಣ್ಣು ಮಾಡಿದರು.

ಕುಡಿಕೆ ಇರುವುದನ್ನು ಕಂಡುಹಿಡಿದವನು ಖಾಜಾಬಿಯ ಮಾವ ಯಮನೂರಸಾಬ. ಅದನ್ನು ಕಿತ್ತರೆ ಮನೆಮಂದಿಯ ನಾಲಿಗೆಯೆಲ್ಲ ಹೋಗುತ್ತದೆ, ಮುಟ್ಟಬೇಡಿ ಎಂದಿದ್ದ. ಅವಳು ಕೇಳಿದ ನೀರನ್ನು ದಿನಾ ಮೊದಲು ಕೊಡಿ. ಕೈಯಾರೆ ಕೊಡಿ. ಅದು ಬಿದ್ದ ಮೇಲೆ ಬಾಯಿ ತೆಗೆಯಿರಿ. ಒಣ ಹೊಸ್ತಿಲ ಮೇಲೆ ಮೊದಲ ಮಾತು ಯಾರ ಬಾಯಿಂದ ಬಿತ್ತೋ ಆ ಬಾಯಿ ಅವಳದು.

“ಏಳು ನಸುಕಿನತನಕ ವಾಯಿದೆ ಇರತೈತಿ,” ಎಂದಳು ಖಾಜಾಬಿ. “ಅದರೊಳಗ ನೀರು ಮೊದಲು ಬಿದ್ರ ದನಿ ತಿರುಗಿ ಬರತೈತಿ. ಏಳು ದಾಟಿದ್ರ ಯಾರ ಕಡಿಂದಾನೂ ಆಗೂದಿಲ್ಲ.”

ಗುರುಸಂಗಪ್ಪ ವಾಲ್ವಿನ ತಿರುಪು ಬಿಗಿ ಮಾಡಿ ಇಳಿದ. ಏಣಿ ಮಡಿಚಿದ. ಕತೆ ಚಲೋ ಐತಿ, ಮಾರುಕಟ್ಟೆಯಲ್ಲಿ ಹೇಳಿದರೆ ಮಂದಿ ಕೂಡುತ್ತದೆ ಎಂದು ಹೇಳಿ, ಮುದುಕಿಯನ್ನು ಕಾಲಿನಿಂದ ದಾಟಿಕೊಂಡು ಒಳಗೆ ಹೋದ.

ಆ ಸಂಜೆ ಡಬ್ಬಿಗೆ ಅವನ ದನಿ ಕಲಿಸಬೇಕಿತ್ತು. ಬೇರೆ ಯಾರ ಮಾತೂ ಅದು ಕೇಳಬಾರದು, ಅದರಲ್ಲೂ ಗೌರವ್ವನದು. ಮೊಬೈಲಿನಲ್ಲಿ ಬಂದ ನಲವತ್ತು ವಾಕ್ಯಗಳನ್ನು ಒಂದೊಂದಾಗಿ ಅದರ ಮುಂದೆ ಓದಿದ. ಪ್ರತಿ ವಾಕ್ಯಕ್ಕೂ ನೀಲಿ ದೀಪ ಮಿಣುಕುತ್ತಿತ್ತು, ಗುಟುಕು ಗುಟುಕಾಗಿ ಏನನ್ನೋ ನುಂಗುವವರ ಗಂಟಲಿನಂತೆ. ಕೊನೆಗೆ, ನನ್ನನ್ನು ಏನೆಂದು ಕರೆಯುತ್ತೀರಿ ಎಂದು ಅದು ಹೆಣ್ಣುದನಿಯಲ್ಲಿ ಕೇಳಿತು.

“ಏಯ್, ಏಳು,” ಎಂದ.

ಅಡಿಗೆಮನೆಯಲ್ಲಿ ಗೌರವ್ವನ ಕೈಯಿಂದ ಲಟ್ಟಣಿಗೆ ಬಿತ್ತು. ಅವಳ ಅಜ್ಜ ಒದರುತ್ತಿದ್ದದ್ದೂ ಅದೇ ಎರಡು ಮಾತು.

ಸೋಮವಾರ ನಸುಕಿನಲ್ಲಿ ಗುರುಸಂಗಪ್ಪ ಕಣ್ಣು ಬಿಡುವ ಮೊದಲೇ ಬಾಯಿ ಬಿಟ್ಟ. “ಏಯ್, ಏಳು. ಲೈಟ್ ಹಚ್ಚು. ಮೋಟರ್ ಚಾಲೂ ಮಾಡು. ನೀರ ಬಿಡು.” ಲೈಟು ಹತ್ತಿತು. ಬಾವಿಯ ಮೋಟರು ಗುರ್ರೆಂದಿತು. ಬಾಗಿಲ ಮೇಲಿನ ಪೈಪಿನಿಂದ ಹೊಸ್ತಿಲಿಗೆ ನೀರು ಸುರಿಯಿತು.

ಗೌರವ್ವ ಓಡಿ ಬಂದು ನೋಡಿದಳು. ನಸುಕಿನ ನೀರು ಬಿದ್ದಾಗ ಆ ಕಲ್ಲಿನಿಂದ ಹಸೀ ಮಣ್ಣಿನ ವಾಸನೆ ಏಳುತ್ತಿತ್ತು. ಅವಳ ತಾಯಿಯ ಸೆರಗಿನ ವಾಸನೆಯೂ ಅದೇ. ಆ ದಿನ ಆ ವಾಸನೆ ಏಳಲಿಲ್ಲ. ಕಾದ ಹಂಚಿನ ಮೇಲೆ ಬಿದ್ದಂತೆ ನೀರು ಚುರ್ರೆಂದು ಸದ್ದು ಮಾಡಿ ಇಲ್ಲವಾಯಿತು. ಕಲ್ಲು ಒಣಗಿಯೇ ಇತ್ತು. ಸುಟ್ಟ ಕೂದಲಿನ ಕಮಟು ಪಡಸಾಲೆಗೆಲ್ಲ ಹರಡಿತು. ಗುರುಸಂಗಪ್ಪ ಅದನ್ನು ವೈರು ಸುಟ್ಟ ವಾಸನೆಯೆಂದ. ಬಿಸಿ ಚಹಾ ಕುಡಿದು, ಐದೂವರೆಗೇ ಮೀಸೆ ತಿರುವಿಕೊಂಡು ಮಾರುಕಟ್ಟೆಗೆ ಹೋದ.

ಮಂಗಳವಾರ ಗೌರವ್ವ ನಾಲ್ಕಕ್ಕೇ ಎದ್ದಳು. ಗಂಡ ಬಾಯಿ ತೆಗೆಯುವ ಮೊದಲೇ ತಾನು ನೀರು ಹಾಕಿಬಿಟ್ಟರೆ ತೀರಿತು ಎಂದುಕೊಂಡಿದ್ದಳು. ತಾಮ್ರದ ತಂಬಿಗೆ ತುಂಬಿಕೊಂಡು ಕತ್ತಲಲ್ಲಿ ಬರಿಗಾಲಲ್ಲಿ ನಡೆದಳು. ಹೊಸ್ತಿಲು ಇನ್ನೂ ಮೂರು ಹೆಜ್ಜೆ. ಬೆನ್ನ ಹಿಂದೆ ಗಂಡನ ದನಿ ಗದರಿತು. “ಬಿದ್ಕೋ ಹೋಗು.”

ತಿರುಗಿ ಬಂದು ನೋಡಿದರೆ ಗುರುಸಂಗಪ್ಪ ಗೋಡೆಗೆ ಮುಖ ಮಾಡಿ ಗೊರಕೆ ಹೊಡೆಯುತ್ತಿದ್ದ. ಗೋಡೆಯ ಗೂಡಿನಲ್ಲಿಟ್ಟ ಡಬ್ಬಿಯ ನೀಲಿ ದೀಪ ಹತ್ತಿಕೊಂಡಿತ್ತು.

ಬೆಳಿಗ್ಗೆ ಹೇಳಿದಳು. ಅವನು ನಂಬಲಿಲ್ಲ. ಬುಧವಾರವೂ, ಆಮೇಲೆ ದಿನವೂ ಹಾಗೇ ಆಯಿತು, ಆಗಲೂ ನಂಬಲಿಲ್ಲ. ನಿನಗೆ ಏಳಲು ಮನಸ್ಸಿಲ್ಲ, ಅದಕ್ಕೇ ದೆವ್ವದ ನೆಪ ಎಂದ. ಆದರೆ ಹಾಗೆನ್ನುವಾಗ ಅವನ ಗಂಟಲು ಕೆರೆಯುತ್ತಿತ್ತು. ಗುರುವಾರ ದನಿ ಅರ್ಧಕ್ಕೆ ಇಳಿಯಿತು. ಜೇನುತುಪ್ಪದಲ್ಲಿ ಮೆಣಸು ಅರೆದು ನೆಕ್ಕಿದ. ಶುಕ್ರವಾರ ರೋಣದ ದವಾಖಾನೆಗೆ ಹೋದ. ಡಾಕ್ಟರು ಬ್ಯಾಟರಿ ಬಿಟ್ಟು ಗಂಟಲು ನೋಡಿ, ಏನೂ ಆಗಿಲ್ಲ, ಚೆನ್ನಾಗಿದೆ ಎಂದರು. ಚೆನ್ನಾಗಿದೆ ಎನ್ನುವುದನ್ನು ಕೇಳಿ ಅವನಿಗೆ ಮೊದಲ ಸಲ ಹೆದರಿಕೆಯಾಯಿತು.

ಇತ್ತ ಹಗಲಿನಲ್ಲಿ ಉತ್ತರ ಕೊಡುವ ಡಬ್ಬಿಯ ಹೆಣ್ಣುದನಿಯೂ ದಿನದಿನಕ್ಕೂ ದಪ್ಪಗಾಗುತ್ತಿತ್ತು. ಶುಕ್ರವಾರ ಸಂಜೆಗೆ ಅದು “ಆಯಿತು” ಎಂದಾಗ, ಒಳಗಿನಿಂದ ಗೌರವ್ವ “ಏನಂದ್ರಿ?” ಎಂದು ಕೇಳಿದಳು. ಗಂಡನೇ ಮಾತಾಡಿದನೆಂದು ತಿಳಿದಿದ್ದಳು.

ಶನಿವಾರ ಮಾರುಕಟ್ಟೆಗೆ ರಾಜೂರಿನಿಂದ ಎರಡು ಟ್ರ್ಯಾಕ್ಟರ್ ಉಳ್ಳಾಗಡ್ಡಿ ಬಂದಿತ್ತು. ಸುತ್ತ ಮಂದಿ ಕೂಡಿತ್ತು. ಗುರುಸಂಗಪ್ಪ ಚೀಲ ಹತ್ತಿದ. ಕೈ ಎತ್ತಿದ. ಎದೆ ತುಂಬ ಉಸಿರು ಎಳೆದುಕೊಂಡು ಬಾಯಿ ತೆರೆದ.

ಸರ್. ಸರ್. ಸರ್.

ಒಣ ಮಣ್ಣಿನ ಮೇಲೆ ಕಸಬರಿಗೆ ಆಡುವ ಸದ್ದು. ಅದು ಅವನ ಗಂಟಲಿನಿಂದ ಬಂತು. ಇನ್ನೊಮ್ಮೆ ಬಾಯಿ ತೆರೆದ. ಇನ್ನೂ ಜೋರಾಗಿ ಅದೇ ಬಂತು. ಬಾಯಿ ತುಂಬ ಧೂಳಿನ ರುಚಿ.

ಮೊದಲು ಒಬ್ಬ ನಕ್ಕ. ಆಮೇಲೆ ಎಲ್ಲರೂ ನಕ್ಕರು. ಸವಾಲು ಕೂಗಂದ್ರ ಕಸಾ ಹೊಡಿಯಾಕ ಹತ್ತ್ಯಾನಲೇ ಎಂದು ಒಬ್ಬ ದಲಾಲಿ ಹಂಗಿಸಿದ. ಅವನನ್ನು ಸವಾಲಿಗೆ ಇಟ್ಟುಕೊಂಡಿದ್ದ ಅಂಗಡಿಯ ಧಣಿ ಬಂದು ತೋಳು ಹಿಡಿದು ಕೆಳಗಿಳಿಸಿ, ಮನೆಗೆ ಹೋಗು, ದನಿ ಬಂದರೆ ಬಾ ಎಂದ. ಗುರುಸಂಗಪ್ಪ ಇಳಿಯುವ ಮೊದಲೇ ಬೇರೊಬ್ಬ ಆ ಚೀಲ ಹತ್ತಿ ನಿಂತಿದ್ದ.

ಅವನು ಮನೆಗೆ ಓಡಿದ. ಅಂಗಳದಲ್ಲಿ ಕಾಲಿಡುತ್ತಿದ್ದಂತೆ ಒಳಗೆ ತನ್ನ ದನಿ ಕೇಳಿಸಿತು. ತುಂಬಿದ ದನಿ. ಹನ್ನೆರಡು ವರ್ಷ ಸವಾಲು ಕೂಗಿ ಪಳಗಿದ ದನಿ. ಖಾಲಿ ಪಡಸಾಲೆಯಲ್ಲಿ ಅದು ಒಂದೇ ಸಮನೆ ಹೇಳುತ್ತಿತ್ತು, ಏಳು, ನೀರು ತಾ, ಕಸ ಹೊಡಿ, ಏಳು, ನೀರು ತಾ, ಕಸ ಹೊಡಿ. ಗೌರವ್ವ ಎರಡೂ ಕಿವಿ ಮುಚ್ಚಿಕೊಂಡು ಅಡಿಗೆಮನೆಯ ಮೂಲೆಯಲ್ಲಿ ಕೂತಿದ್ದಳು. ಗುರುಸಂಗಪ್ಪ ಡಬ್ಬಿಯನ್ನು ವೈರಿನ ಸಮೇತ ಕಿತ್ತ. ಹಿತ್ತಲಿಗೆ ಒಯ್ದು ಬಾವಿಗೆ ಎಸೆದ. ಪೈಪು ಮುರಿದ. ವಾಲ್ವನ್ನು ಕಲ್ಲಿನಿಂದ ಜಜ್ಜಿದ. ದನಿ ಮಾತ್ರ ಬರಲಿಲ್ಲ.

ಹೊತ್ತು ಮುಳುಗುವಾಗ ಅವನು ಹೆಂಡತಿಯ ಮುಂದೆ ಒಂದು ಚೀಟಿ ಹಿಡಿದ. ಬಾಯಿ ಹೋದರೂ ಗತ್ತು ಹೋಗಿರಲಿಲ್ಲ. ಚೀಟಿಯಲ್ಲಿ ಬರೆದದ್ದು ಇಷ್ಟೇ: ನಾಳೆ ನೀರು ಹಾಕು.

ಗೌರವ್ವ ಅದನ್ನು ಓದಿ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಖಾಜಾಬಿಯನ್ನು ಕೇಳಿಕೊಂಡು ಬಂದಳು. ನಾಳೆಯದು ಏಳನೆಯ ನಸುಕು. ಅವಳು ತಂಬಿಗೆ ಬಗ್ಗಿಸಿದೊಡನೆ ಅವನ ಗಂಟಲು ಬಿಚ್ಚುತ್ತದೆ, ಆದರೆ ನೀರು ಕಲ್ಲಿಗೆ ತಾಗುವ ಮೊದಲು ಅವನ ಬಾಯಿಂದ ಒಂದಕ್ಷರವೂ ಬೀಳಬಾರದು. ಅದಕ್ಕೆ ಅವನ ಬಾಯಿಗೆ ಬಟ್ಟೆ ಕಟ್ಟು ಎಂದಿದ್ದಳು ಮುದುಕಿ. ಗೌರವ್ವ ಹಳೆಯ ಸೀರೆಯ ಅಂಚು ಹರಿದು ತಂದಳು. ಗುರುಸಂಗಪ್ಪ ಅದನ್ನು ಕಸಿದು ಮೂಲೆಗೆ ಒಗೆದ. ಹೆಂಡತಿಯ ಕೈಯಿಂದ ಬಾಯಿ ಕಟ್ಟಿಸಿಕೊಳ್ಳುವುದೇ? ಅವನ ಕಣ್ಣೇ ಆ ಮಾತು ಹೇಳಿತು.

ಅವಳು ಒತ್ತಾಯ ಮಾಡಲಿಲ್ಲ. “ನಿಮ್ಮ ಬಾಯಿ ನಿಮ್ಮ ಕೈಯಾಗೈತ್ರಿ,” ಎಂದಳು. “ನಾ ನೀರ ಹಾಕತೀನಿ. ನೀವು ಸುಮ್ಮನಿದ್ರ ಸಾಕು.”

ನಾಲ್ಕೂವರೆಗೆ ಇಬ್ಬರೂ ಎದ್ದರು. ಊರಿಗೆ ಊರೇ ಉಸಿರು ಹಿಡಿದುಕೊಂಡಂತಿತ್ತು. ನಾಯಿ ಬೊಗಳಲಿಲ್ಲ. ಕಿಟಕಿಯಾಚೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಹತ್ತಿ ಆರುತ್ತಿದ್ದವು. ಪಡಸಾಲೆಯಲ್ಲಿ ಸುಟ್ಟ ಕೂದಲಿನ ವಾಸನೆ ಗಂಟಲಿಗೆ ಅಂಟುವಷ್ಟು ದಟ್ಟವಾಗಿತ್ತು. ಬಾವಿಯ ಕಡೆಯಿಂದ ಯಾರೋ ಬಾಯಿ ಮುಕ್ಕಳಿಸಿದಂಥ ಸದ್ದು.

ಗೌರವ್ವ ಬಾಗಿಲು ತೆರೆದಳು. ತಂಬಿಗೆ ಹಿಡಿದು ಹೊಸ್ತಿಲ ಮುಂದೆ ಕೂತಳು. ಬಳೆ ಸದ್ದಾಗದಂತೆ ಮೊಣಕೈವರೆಗೆ ಏರಿಸಿಕೊಂಡಿದ್ದಳು. ಗುರುಸಂಗಪ್ಪ ಅವಳ ಬೆನ್ನಿಗೆ ನಿಂತ.

ಕಲ್ಲು ನಡುವೆ ಸೀಳಿತ್ತು. ನಿನ್ನೆ ಇರದ ಸೀಳು. ಅದರ ಅಂಚು ಒಣಗಿ ಬಿರಿದ ತುಟಿಯಂತಿತ್ತು. ಅದು ಅಲುಗಿತು. ಮುಚ್ಚಿತು. ಮತ್ತೆ ತೆರೆಯಿತು. ಬಿಸಿ ಉಸಿರು ಗೌರವ್ವನ ಮುಂಗೈಗೆ ತಾಗಿತು.

ಅವಳು ಕೈ ಹಿಂದೆಗೆಯಲಿಲ್ಲ. ತಂಬಿಗೆ ಬಗ್ಗಿಸಿದಳು. ನೀರು ತಂಬಿಗೆಯ ಬಾಯಿಗೆ ಬಂದು ನಿಂತಿತು. ಇನ್ನೊಂದು ಎಳೆಯಷ್ಟು ಬಗ್ಗಿಸಿದರೆ ಬೀಳುತ್ತಿತ್ತು.

ಗುರುಸಂಗಪ್ಪನ ಗಂಟಲಲ್ಲಿ ಗಂಟೊಂದು ಸಡಿಲಾಯಿತು. ಬಂತು. ಬಿಸಿಯಾಗಿ ಬಂತು. ಎದೆಯಿಂದ ಮೇಲೇರಿತು. ನಾಲಿಗೆಯ ಬೇರಿಗೆ ಬಂತು. ಅವನ ದನಿ. ಅವನದೇ. ಗೌರವ್ವನ ಕೈ ಮಾತ್ರ ಅಲ್ಲೇ ನಿಂತಿತ್ತು. ಅವಳು ಆ ತುಟಿಯನ್ನೇ ನೋಡುತ್ತಿದ್ದಳು. ಒಂದು ಉಸಿರು. ಎರಡು ಉಸಿರು. ಎಷ್ಟು ಹೊತ್ತು ನೋಡುವುದು?

“ಏಯ್, ಏನ ನೋಡಕೋತ ಕುಂತಿ? ಲಗೂ ಹಾಕು.”

ಮಾತು ಬಿತ್ತು.

ಸೀಳು ಟಪ್ಪೆಂದು ಮುಚ್ಚಿಕೊಂಡಿತು. ನೀರು ಇನ್ನೂ ತಂಬಿಗೆಯಲ್ಲೇ ಇತ್ತು.

ಗುರುಸಂಗಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ತಡವಾಗಿತ್ತು. ಬೆರಳ ಸಂದಿಯಿಂದ ಬಂದದ್ದು ಸರ್ ಸರ್ ಎಂಬ ಸದ್ದು. ಅವನು ಹೆಂಡತಿಯ ಭುಜ ಹಿಡಿದ. ತಂಬಿಗೆಯನ್ನು ತೋರಿಸಿದ. ಮೊಣಕಾಲೂರಿ ಕೂತ. ಅವಳ ಪಾದ ಮುಟ್ಟಿದ. ಮದುವೆಯಾದ ಹನ್ನೆರಡು ವರ್ಷದಲ್ಲಿ ಅವನು ಅವಳ ಪಾದ ನೋಡಿದ್ದು ಅದೇ ಮೊದಲಿರಬೇಕು.

ಗೌರವ್ವ ಎದ್ದು ನಿಂತಳು. “ಮಾತು ಮೊದಲು ಬಿತ್ತರಿ,” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಅವತ್ತ ಈ ಹೊಸ್ತಿಲ ಮ್ಯಾಲ ಬಿದ್ದಾಕಿಗೂ ಇಷ್ಟೇ ಬೇಕಾಗಿತ್ತು. ಒಂದು ಗುಟುಕು ನೀರು. ಅಷ್ಟು ತಡಿಯಾಕ ನಿಮ್ಮಂಥಾ ಗಂಡಸರಿಗೆ ಆಗೂದಿಲ್ಲ.”

ಆಗ ಹಿತ್ತಲ ಬಾವಿಯೊಳಗಿಂದ ಅವನ ದನಿ ಎದ್ದಿತು. ನೀರು ತುಂಬಿದ ದನಿ. ಕಲ್ಲಿನ ಗೋಡೆಗೆ ಬಡಿದು ಬಡಿದು ದೊಡ್ಡದಾಗುತ್ತ ಬಂತು.

“ಏಯ್, ಏಳು.”

ಅವನ ಮೊಣಕಾಲು ನೆಲ ಬಿಟ್ಟವು. ಅವನು ಏಳಲಿಲ್ಲ, ಕಾಲು ಎದ್ದವು. ಅವನು ಚೌಕಟ್ಟು ಹಿಡಿದುಕೊಂಡ. ಬೆರಳು ತಾವಾಗಿಯೇ ಬಿಟ್ಟವು.

“ಕಸ ಹೊಡಿ.”

ಬಾಗಿಲ ಹಿಂದಿನ ಕಸಬರಿಗೆಯತ್ತ ಕೈ ಚಾಚಿತು. ಹಿಡಿಯಿತು. ಅವನು ಎಡಗೈಯಿಂದ ಬಲಗೈ ಜಗ್ಗಿದ. ಎಡಗೈಯೂ ಹೋಗಿ ಕಸಬರಿಗೆಯನ್ನೇ ಹಿಡಿಯಿತು. ಸೊಂಟ ಬಗ್ಗಿತು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕೈ ಮಾತ್ರ ತನ್ನ ಕೆಲಸ ಶುರುಮಾಡಿತ್ತು. ಸರ್. ಸರ್. ಸರ್.

ಗೌರವ್ವ ಸೊಂಟದ ಚೀಟಿ ತೆಗೆದು ಹೊಸ್ತಿಲ ಮೇಲಿಟ್ಟಳು. ಚಪ್ಪಲಿ ಮೆಟ್ಟಿದಳು. ತಂಬಿಗೆಯನ್ನು ಬಿಡಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಹೊಸ್ತಿಲು ದಾಟಿದಳು. ಖಾಜಾಬಿ ತನ್ನ ಬಾಗಿಲಲ್ಲಿ ನಿಂತಿದ್ದಳು.

ಓಣಿಯ ತಿರುವಿನಲ್ಲಿ ಗೌರವ್ವ ಒಂದು ಗಳಿಗೆ ನಿಂತಳು. ತಂಬಿಗೆ ಎತ್ತಿ ಗಟಗಟನೆ ಅಷ್ಟೂ ನೀರು ತಾನೇ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಹಿಂದೆ ಅವಳ ಗಂಡನ ದನಿ ಮನೆ ತುಂಬ ಕೂಗುತ್ತಿತ್ತು, ನೀರು ತಾ, ನೀರು ತಾ ಎಂದು. ಅದು ಯಾರಿಗೆ ಹೇಳಿದ್ದೆಂದು ಅವಳಿಗೆ ಗೊತ್ತಿತ್ತು. ತನಗಲ್ಲ.

ರೋಣದ ಮೊದಲ ಬಸ್ಸು ಇಂಜಿನ್ ಹಚ್ಚಿಕೊಂಡು ನಿಂತಿತ್ತು. ಖಾಲಿ ತಂಬಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಹತ್ತಿದಳು. ತಿರುಗಿ ನೋಡಲಿಲ್ಲ. ತಿರುಗಿ ಬರಲೂ ಇಲ್ಲ.